ಗೋಲ್‌ಕೀಪರನಿಗೆ ಎರಡು ಅಂಕ

ಬ್ರೂನಾ ಪತ್ರಿಕೆಗೆ ಬರೆಯಲು ಶುರುಮಾಡಿ ಮನೆಗೆ ತಂದ ಮೊದಲ ಸಂಪಾದನೆ ನಾಯಿಯ ಜಂತುಹುಳದ ಔಷಧಿ. ಎರಡನೆಯದು ಎರಡು ಡಬ್ಬ ಹಸಿರು ಬಣ್ಣ. ಅದನ್ನು ಅಡುಗೆಮನೆಗೆ ಬಳಿದ ಮೇಲೆ ಅಲ್ಲಿ ಕೂತು ಉಣ್ಣುವವರೆಲ್ಲ ಕಾಮಾಲೆ ಬಂದವರ ಹಾಗೆ ಕಾಣತೊಡಗಿದರು. ಮೂರನೆಯ ತಿಂಗಳು ಕ್ಷೌರದಂಗಡಿಯಿಂದ ನಾಲ್ಕು ಚೀಟಿ ಬಂದವು. ಒಂದೊಂದು ಚೀಟಿಗೂ ಒಂದೊಂದು ಸಲ ಕೂದಲು ಸುರುಳಿ ಮಾಡಿಸಿಕೊಳ್ಳಬಹುದಿತ್ತು. ಎಪ್ಪತ್ತೆಂಟು ವರ್ಷದ ದೆಲ್ಮೀರಾ ಅಜ್ಜಿ ನಾಲ್ಕನ್ನೂ ಒಂದೇ ತಿಂಗಳಲ್ಲಿ ಮುಗಿಸಿ ಬೀದಿಯಲ್ಲಿ ತಲೆ ಎತ್ತಿ ನಡೆದಳು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಅವಳ ಅಳಿಯ, ಬ್ರೂನಾಳ ಅಪ್ಪ ಮಿಲ್ಟನ್ ಗೊಣಗಿದ.

"ನಿಮ್ಮ ಜುಟ್ಟು ಉದುರಿ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ ಅಳಿಯಂದ್ರೇ, ಹೊಟ್ಟೆಕಿಚ್ಚು ಸಹಜ," ಎಂದಳು ಅಜ್ಜಿ.

ಉರುಗ್ವೆ ನದಿಯ ದಡದ ಸಾನ್ ಬ್ರಾಸ್ ಊರಿನಲ್ಲಿ ಪತ್ರಿಕೆ ಅಂತ ಇದ್ದದ್ದು ಒಂದೇ, ವಾರಕ್ಕೆರಡು ಸಲ ಬರುವ 'ಲಾ ಬೋಯಾ'. ಅದರ ಯಜಮಾನ, ಸಂಪಾದಕ, ಶವಸಂಸ್ಕಾರದ ಸುದ್ದಿಗಾರ ಎಲ್ಲವೂ ಆದ ದೋನ್ ನೆಲ್ಸನ್ ಬ್ರೂನಾಳಿಗೆ ಕ್ರೀಡಾಪುಟ ಕೊಟ್ಟಿದ್ದರು, ಸಂಬಳ ಕೊಟ್ಟಿರಲಿಲ್ಲ. ಪುಟಕ್ಕೆ ಬೇಕಾದ ಜಾಹೀರಾತನ್ನು ಅವಳೇ ಹಿಡಿದು ತರಬೇಕು. ಬಂದ ಹಣದಲ್ಲಿ ಅರ್ಧ ಪತ್ರಿಕೆಗೆ, ಅರ್ಧ ಅವಳಿಗೆ. ಆದರೆ ಆ ಊರಿನ ಅಂಗಡಿಯವರಿಗೆ ಹಣ ಬಿಚ್ಚುವ ಅಭ್ಯಾಸವಿರಲಿಲ್ಲ. ಜಾಹೀರಾತಿಗೆ ಬದಲು ಸರಕು ಕೊಡುತ್ತಿದ್ದರು. ಅದು ತಾತಂದಿರ ಕಾಲದಿಂದ ಬಂದ ಪದ್ಧತಿ, ಅದಕ್ಕೊಂದು ಹೆಸರೂ ಇತ್ತು: ಕಾಂಹೆ. ಸರಕಿನಲ್ಲಿ ಅರ್ಧ ತೆಗೆದುಕೊಂಡು ಹೋಗಿ ಮುಂದಿಟ್ಟಾಗ ದೋನ್ ನೆಲ್ಸನ್ ಕನ್ನಡಕ ಮೇಲೇರಿಸಿ, ನನಗೇಕಮ್ಮ ಜಂತುಹುಳದ ಔಷಧಿ, ಎಲ್ಲ ನೀನೇ ಇಟ್ಟುಕೋ ಎಂದು ಧಾರಾಳವಾಗಿ ಹೇಳಿದ್ದರು.

ಮನೆಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬೆರ್ತೊಲೀನಿಯ ಪಾಸ್ತಾ ಅಂಗಡಿಯ ಕಾಂಹೆ ಒಂದೇ. ಮಾರ್ಚಿನಿಂದ ವಾರಕ್ಕೆರಡು ಕಿಲೋ ಬರುತ್ತಿತ್ತು. ಅಜ್ಜಿ ಅವತ್ತಿನಿಂದ ಹಿಟ್ಟು ಮುಟ್ಟುವುದನ್ನೇ ಬಿಟ್ಟಿದ್ದಳು.

ಏಪ್ರಿಲ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಎಲ್ಲರೂ ನ್ಯೋಕಿಗೆ ಕೂತಿದ್ದರು. ಆಲೂಗಡ್ಡೆ, ಮೈದಾ ಕಲಸಿ ಬೆರಳ ತುದಿಯಷ್ಟು ಕತ್ತರಿಸಿ ಬೇಯಿಸಿದ ಉಂಡೆಗಳು ಅವು. ತಿಂಗಳ ಇಪ್ಪತ್ತೊಂಬತ್ತಕ್ಕೆ ಊರಿಗೆ ಊರೇ ತಿನ್ನುವುದು ಅದನ್ನೇ, ಹಳೆ ಸಂಬಳ ತಳ ಕಂಡು ಹೊಸದು ಇನ್ನೂ ಬಾರದ ದಿನಕ್ಕೆ ಅದೇ ಗತಿ. ತಟ್ಟೆಯಡಿ ಒಂದು ನೋಟಿಟ್ಟು ತಿಂದರೆ ಮುಂದಿನ ತಿಂಗಳು ಕೈಯಲ್ಲಿ ಕಾಸು ಆಡುತ್ತದೆಂದು ನಂಬಿಕೆ. ಊಟ ಮುಗಿದು ತಟ್ಟೆ ಎತ್ತುವಾಗ ಅಪ್ಪ ಬ್ರೂನಾಳ ನೋಟನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಮೂಲೆಯಲ್ಲಿ ಪೆನ್ನಿನಿಂದ ಯಾರದೋ ಫೋನ್ ನಂಬರು ಗೀಚಿತ್ತು.

"ಈ ನಂಬರು ಬರೆದೋನು ನಾನೇ. ಪೈಪಿನ ಅಂಗಡಿಯವಂದು. ಫೆಬ್ರವರೀಲಿ ಅತ್ತೆ ಕೈಗೆ ಕೊಟ್ಟ ನೋಟಿದು."

ಅಜ್ಜಿ ಗೋಡೆಯ ಹಸಿರನ್ನು ಹೊಸದಾಗಿ ಕಂಡವಳಂತೆ ನೋಡತೊಡಗಿದಳು. ಪ್ರತಿ ಇಪ್ಪತ್ತೊಂಬತ್ತಕ್ಕೆ ಮೊಮ್ಮಗಳ ತಟ್ಟೆಯಡಿ ಅದೇ ನೋಟು ತೂರಿಸಿ, ಊಟವಾದ ಮೇಲೆ ಮತ್ತೆ ರವಿಕೆಯೊಳಗೆ ಸೇರಿಸುವುದು ಅವಳ ಕೆಲಸವಾಗಿತ್ತು. ಎರಡು ತಿಂಗಳಿಂದ ನಡೆದಿತ್ತು.

"ನೋಡು ಮಗಳೇ," ಎಂದ ಅಪ್ಪ, "ಮುಂದಿನ ಇಪ್ಪತ್ತೊಂಬತ್ತಕ್ಕೆ ನಿನ್ನ ತಟ್ಟೆ ಅಡೀಲಿ ನೀನು ಬರೆದು ದುಡಿದ ನೋಟು ಇರ್ಬೇಕು. ಇಪ್ಪತ್ತು ಪೆಸೊದ್ದಾದ್ರೂ ಸರಿ. ನೋಟು. ಚೀಟಿ ಅಲ್ಲ, ಬಣ್ಣ ಅಲ್ಲ. ಇಲ್ದಿದ್ರೆ ಒಂದನೇ ತಾರೀಖಿಂದ ನಮ್ಮ ಆಫೀಸಲ್ಲಿ ಮೀಟರ್ ಓದೋ ಕೆಲಸಕ್ಕೆ ಬಾ. ಸಾಹೇಬರ ಹತ್ರ ಮಾತಾಡಿದೀನಿ."

"ಸೋಮವಾರದಿಂದ ಶನಿವಾರ ಮೀಟರ್ ಓದ್ಕೊಂಡು ಕೂತ್ರೆ ಪುಟ ಯಾವಾಗ ಮಾಡ್ಲಿ ಅಪ್ಪಾ?"

"ಬರೆಯೋದು ತಾನೇ ನಿನಗಿಷ್ಟ? ಅಲ್ಲೂ ಬರೆಯೋದೇ. ಅಂಕಿ."

ಅಪ್ಪ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೊಳಾಯಿ ರಿಪೇರಿಯವನು, ಇಪ್ಪತ್ತಾರು ವರ್ಷದ ಅನುಭವ. ಅವನು ಆ ಮಾತು ಹೇಳುತ್ತಿದ್ದಾಗಲೇ ಅವನ ಬೆನ್ನ ಹಿಂದೆ ಅಡುಗೆಮನೆಯ ನಲ್ಲಿ ತೊಟ್ ತೊಟ್ ಎಂದು ಸೋರುತ್ತಿತ್ತು. ಕಳೆದ ವರ್ಷದ ಈಸ್ಟರ್‌ನಿಂದಲೂ ಸೋರುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ಅಮ್ಮ ಗ್ಲಾಡಿಸ್ ಹೇಳಿ ಹೇಳಿ ಸಾಕಾಗಿ ಅದರಡಿ ಒಂದು ಪಾತ್ರೆ ಇಟ್ಟು ಸುಮ್ಮನಾಗಿದ್ದಳು.

ಮರುದಿನ ಸಂಜೆ ಅಪ್ಪ ಮೀಟರ್ ಓದುವವರ ನೀಲಿ ಟೋಪಿಯೊಂದನ್ನು ತಂದು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದ. ಅಳತೆ ಸರಿಯಿದೆಯೇ ನೋಡಿಕೋ ಎಂದ. ಬ್ರೂನಾ ನೋಡಿಕೊಳ್ಳಲಿಲ್ಲ. ಏಳು ವರ್ಷದವಳಿದ್ದಾಗ ಇದೇ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಬಂದರು ಕೂಲಿಗಳ ಕ್ಲಬ್ಬಾದ ಎಸ್ತಿಬಾದೋರೆಸ್ ಮೈದಾನಕ್ಕೆ ಕರೆದೊಯ್ದಿದ್ದ. ಯಾರು ಯಾರಿಗೆ ಚೆಂಡು ಕೊಡಬೇಕಿತ್ತು, ಯಾರು ಸುಮ್ಮನೆ ಓಡಿದರು ಎಂದು ಅವಳು ಅಲ್ಲೇ ಕಲಿತದ್ದು. ಈಗ ಇಪ್ಪತ್ಮೂರು. ಆ ಪುಟ ಕೈಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇ ತಿಂಗಳ ಮೊದಲ ವಾರ ಬ್ರೂನಾ ಸೈಕಲ್ ಹತ್ತಿ ಅಂಗಡಿ ಅಂಗಡಿ ಸುತ್ತಿದಳು. ಚಮ್ಮಾರ ಎರಡು ಜೊತೆ ಅಟ್ಟೆ ಹೊಲಿದುಕೊಡುತ್ತೇನೆಂದ. ಟೈರಿನವನು ಕಾರಿನ ಚಕ್ರ ಪುಕ್ಕಟೆ ಸರಿಮಾಡಿಕೊಡುತ್ತೇನೆಂದ; ಅವರ ಮನೆಯಲ್ಲಿ ಕಾರಿರಲಿಲ್ಲ. ಶವಪೆಟ್ಟಿಗೆ ಅಂಗಡಿಯ ವಿಧವೆ, ನಗದು ಸಾಧ್ಯವಿಲ್ಲ ಮಗೂ ಎಂದು ಗಲ್ಲ ಸವರಿ, ಇಪ್ಪತ್ತು ವರ್ಷ ಚಾಲ್ತಿಯಲ್ಲಿರುವ ಅರ್ಧ ಬೆಲೆಯ ಚೀಟಿಯೊಂದನ್ನು ಕೊಟ್ಟು ಕಳಿಸಿದಳು. ಅಪ್ಪ ಅದನ್ನು ಹರಿಯಲು ಹೋದಾಗ ಅಜ್ಜಿ ಕೈಯಿಂದ ಕಿತ್ತುಕೊಂಡಳು.

"ಇರ್ಲಿ ಬಿಡಿ ಅಳಿಯಂದ್ರೇ, ನಿಮಗೆ ಆಗುತ್ತೆ."

ಎರಡನೆಯ ವಾರ ಬ್ರೂನಾ ಧೈರ್ಯ ಮಾಡಿ ಬೆರ್ತೊಲೀನಿಯನ್ನೇ ಕೇಳಿದಳು. ಪಾಸ್ತಾ ಬೇಡ, ಹಣ ಕೊಡಿ. ಮೈದಾ ಮೆತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಆ ಮನುಷ್ಯ ಬಹಳ ಹೊತ್ತು ಯೋಚಿಸಿದ. ಕೊನೆಗೆ ಪಾಸ್ತಾದ ಜೊತೆಗೇ ತಿಂಗಳಿಗೆ ಸಾವಿರ ಪೆಸೊ, ತಿಂಗಳ ಇಪ್ಪತ್ತೆಂಟಕ್ಕೆ ಎಂದ. ಬ್ರೂನಾ ಸೈಕಲ್ ಮರೆತು ಮನೆಯ ದಿಕ್ಕಿಗೆ ನಡೆದುಬಿಟ್ಟಳು. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಹೋದಾಗ ಬೆರ್ತೊಲೀನಿ ಬಾಗಿಲಲ್ಲೇ ನಿಂತಿದ್ದ.

"ನಮ್ಮ ಹುಡುಗ ಚೀರೋ ಈ ವರ್ಷ ಗೋಲಿಗೆ ನಿಲ್ತಾ ಇದಾನೆ," ಎಂದ. "ನೋಡ್ತಿರು."

ಅಷ್ಟೇ ಅಂದದ್ದು. ಅಷ್ಟು ಸಾಕಿತ್ತು.

ಬ್ರೂನಾಳ ಪುಟದಲ್ಲಿ ಜನ ಮೊದಲು ಓದುತ್ತಿದ್ದದ್ದು ವರದಿಯನ್ನಲ್ಲ, ಅದರ ಬಲಕ್ಕಿದ್ದ ಪಟ್ಟಿಯನ್ನು. ಪಂದ್ಯದ ಎರಡೂ ಕಡೆಯ ಹನ್ನೊಂದು ಹನ್ನೊಂದು ಆಟಗಾರರಿಗೂ ಹತ್ತಕ್ಕೆ ಇಷ್ಟೆಂದು ಅಂಕ. ಆ ದೇಶದಲ್ಲಿ ಎಲ್ಲ ಪತ್ರಿಕೆಗಳೂ ಕೊಡುವಂಥದ್ದೇ. ಆದರೆ ಸಾನ್ ಬ್ರಾಸ್‌ನಂಥ ಊರಿನಲ್ಲಿ ಅಂಕ ಪಡೆದವನು ಮರುದಿನ ಬೇಕರಿಯಲ್ಲಿ ಪಕ್ಕದಲ್ಲೇ ನಿಂತಿರುತ್ತಾನೆ, ಅವನ ಅತ್ತೆ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಹಾಗಾಗಿ ಬ್ರೂನಾಳಿಗಿಂತ ಮುಂಚೆ ಆ ಪುಟ ಮಾಡುತ್ತಿದ್ದ ಮುದುಕ ಮೂವತ್ತು ವರ್ಷ ಎಲ್ಲರಿಗೂ ಆರು ಕೊಟ್ಟು ನೆಮ್ಮದಿಯಾಗಿ ನಿವೃತ್ತನಾಗಿದ್ದ.

ಹದಿನೆಂಟರ ಭಾನುವಾರ ಊರಿನ ದೊಡ್ಡ ಪಂದ್ಯ. ಎಸ್ತಿಬಾದೋರೆಸ್‌ಗೂ ಮೇಲ್ಬೀದಿಯವರ ಕ್ಲಬ್ಬಾದ ರೆಮೇರೋಸ್‌ಗೂ. ಅಪ್ಪ ಮಗಳು ಒಟ್ಟಿಗೇ ಹೋದರು. ಎಸ್ತಿಬಾದೋರೆಸ್ ಗೋಲಿಗೆ ನಿಂತಿದ್ದ ಚೀರೋ ಬೆರ್ತೊಲೀನಿ ಮೂರು ಗೋಲು ಬಿಟ್ಟ. ಮೊದಲನೆಯದು ಎರಡು ಕಾಲಿನ ನಡುವೆ ಹೋಯಿತು. ಎರಡನೆಯದು ಬರುವಾಗ ಅವನು ಕಾಲುಚೀಲ ಎಳೆದುಕೊಳ್ಳುತ್ತಿದ್ದ. ಮೂರನೆಯದನ್ನು ಸ್ವತಃ ಅವನೇ ಹಾಕಿದನೆನ್ನಬೇಕು: ಕೈಯಲ್ಲಿದ್ದ ಚೆಂಡನ್ನು ಜೋರಾಗಿ ಎಸೆದ, ಅದು ತನ್ನ ಕಡೆಯವನದೇ ಬೆನ್ನಿಗೆ ಬಡಿದು ವಾಪಸು ಬಂದು ಬಲೆ ಸೇರಿತು. ಅಪ್ಪ ಬೆಂಚಿನ ಮೇಲೆ ಹತ್ತಿ, ಇವನಿಗೆ ಸೊನ್ನೆ, ಸೊನ್ನೆ ಕೂಡ ದಂಡ ಎಂದು ಅರಚಿದ್ದು ನದಿಯಾಚೆಯ ಅರ್ಜೆಂಟೀನಾಕ್ಕೂ ಕೇಳಿಸಿರಬೇಕು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಬ್ರೂನಾ ಪಟ್ಟಿ ಬರೆಯಲು ಕೂತಳು. ಅಪ್ಪ ಮಾಟೆ ಕಷಾಯದ ಬುರುಡೆ ಹಿಡಿದು ಎದುರಿಗೆ ಕೂತ. ಅಮ್ಮ ಶಾಲಾ ಮಕ್ಕಳ ಬಿಳಿ ನಿಲುವಂಗಿ ಹೊಲಿಯುತ್ತಿದ್ದವಳು ಮೆಷಿನ್ನು ನಿಲ್ಲಿಸಿದಳು. ಅಜ್ಜಿ ಕರೆಯದೇ ಬಂದು ಕೂತಳು.

"ಚೀರೋಗೆ ಎಷ್ಟು ಹಾಕ್ತೀಯ?" ಎಂದ ಅಪ್ಪ.

"ನೀನೇ ಹೇಳಿದ್ಯಲ್ಲ, ಸೊನ್ನೆ ಕೂಡ ದಂಡ ಅಂತ."

"ಅದು ಮೈದಾನದಲ್ಲಿ. ಇದು ಮನೆ. ಆರು ಹಾಕು."

"ಐದು ಸಾಕು," ಎಂದಳು ಅಮ್ಮ. "ಆರು ಹಾಕಿದ್ರೆ ಜನ ನಗ್ತಾರೆ."

"ಏಳು," ಎಂದಳು ಅಜ್ಜಿ. "ಉಂಡ ಮನೆಗೆ ಎರಡು ಬಗೀಬಾರ್ದು. ಮೂರು ತಿಂಗಳಿಂದ ಅವರ ಹಿಟ್ಟು ತಿಂದಿದೀವಿ."

"ಅಜ್ಜೀ, ಅವನು ಕಾಲುಚೀಲ ಎಳ್ಕೊಳ್ತಾ ನಿಂತಿದ್ದ."

"ಚಳಿ ಇತ್ತೇನೋ ಪಾಪ."

ಸಂತೆಯಲ್ಲಿ ಕೋಳಿ ವ್ಯಾಪಾರ ನಡೆದ ಹಾಗೆ ನಡೆಯಿತು. ಅಪ್ಪ ಐದೂವರೆಗೆ ಇಳಿದ. ಅಮ್ಮ, ಅರ್ಧ ಅಂಕ ಕೊಡುವ ಪದ್ಧತಿ ಉಂಟೇ ಎಂದು ವಿಚಾರಿಸಿದಳು. ಅಜ್ಜಿ ಏಳರಿಂದ ಕದಲಲಿಲ್ಲ. ಹುಡುಗ ಶಿಲುಬೆಗೆ ಮುತ್ತಿಟ್ಟು ಮೈದಾನಕ್ಕಿಳಿದ, ಅದಕ್ಕೇ ಒಂದು ಅಂಕ ಎಂದಳು. ಹತ್ತು ದಿನದಲ್ಲಿ ಸಾವಿರ ಪೆಸೊ ಬರುತ್ತದೆ, ಅರ್ಧ ನಿನ್ನದು, ತಟ್ಟೆಯಡಿ ಐನೂರು ಇಡಬಹುದು ಎಂದು ಅಪ್ಪ ನೆನಪಿಸಿದ. ನೆನಪಿಸಬೇಕಾಗಿರಲಿಲ್ಲ. ಬ್ರೂನಾಳ ಕಣ್ಣು ಆಗಲೇ ಎರಡು ಸಲ ಗೂಟದ ಮೇಲಿನ ಟೋಪಿಗೆ ಹೋಗಿ ಬಂದಿತ್ತು. ಪೆನ್ನು ಆರರ ಸುರುಳಿಯನ್ನು ಅರ್ಧ ಸುತ್ತಿತು ಕೂಡ.

"ಅಲ್ಲ ಅಪ್ಪಾ," ಎಂದಳು, "ಇವನಿಗೆ ಆರು ಹಾಕಿದ್ರೆ, ಮಂಡಿ ಸುಲ್ಕೊಂಡು ಇಡೀ ಹೊತ್ತು ಓಡಿದ್ನಲ್ಲ ಆ ಎಡಗಡೆ ಹುಡುಗ, ಅವನಿಗೆ ಎಷ್ಟು ಹಾಕ್ಲಿ? ಹದಿನಾಲ್ಕಾ?"

ಅವಳು ಎಡಗಡೆಯ ಹುಡುಗನಿಗೆ ಎಂಟು ಬರೆದಳು. ಚೀರೋನಿಗೆ ಎರಡು ಬರೆದಳು.

ಮಂಗಳವಾರ ಪತ್ರಿಕೆ ಬಂತು. ಬೆಳಗ್ಗೆ ಹತ್ತಕ್ಕೆಲ್ಲ ಗೂಡಂಗಡಿಯಲ್ಲಿ ಒಂದು ಪ್ರತಿಯೂ ಉಳಿದಿರಲಿಲ್ಲ. ಹತ್ತೂವರೆಗೆ ಬೆರ್ತೊಲೀನಿ ಏಪ್ರನ್ ಸಮೇತ ಬಾಗಿಲಿಗೆ ಬಂದ. ಕೂಗಾಡಲಿಲ್ಲ. ಇನ್ನು ಮೇಲೆ ಜಾಹೀರಾತು ಬೇಡ, ಹಣವೂ ಇಲ್ಲ, ಪಾಸ್ತಾವೂ ಇಲ್ಲ ಎಂದ. ತನ್ನ ಹೆಂಡತಿ ಬೆಳಗಿನಿಂದ ಅಳುತ್ತಿದ್ದಾಳೆ ಎಂದ. ಹೋಗುವಾಗ ಅಜ್ಜಿಗೆ ಮಾತ್ರ ನಮಸ್ಕಾರ ಹೇಳಿ ಹೋದ. ಬ್ರೂನಾಳಿಗೆ ಅದೇ ಹೆಚ್ಚು ಚುಚ್ಚಿತು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಕುಂಬಳಕಾಯಿ ಸಾರು, ಮಾತು ಕಡಿಮೆ. ಆರು ಹಾಕಿದ್ದರೆ ನಿನ್ನ ಕೈ ಸವೆಯುತ್ತಿತ್ತೇ ಎಂದು ಅಮ್ಮ ಕೇಳಿದಳು. ಅಂಗಿಗೆ ಗುಂಡಿ ಹಾಕುವಾಗ ಕೇಳಿದಳು, ನಾಯಿಗೆ ಅನ್ನ ಹಾಕುವಾಗಲೂ ಕೇಳಿದಳು. ಬೇರೆ ಅಂಗಡಿಯವರು ಬ್ರೂನಾಳ ಸೈಕಲ್ ಕಂಡರೆ ಒಳಗೆ ಹೋಗತೊಡಗಿದರು. ಎಲ್ಲರ ಮನೆಯಲ್ಲೂ ಚೆಂಡಾಡುವವನೊಬ್ಬ ಇದ್ದೇ ಇದ್ದ. ಪ್ರತಿಗಳೆಲ್ಲ ಖರ್ಚಾದವಲ್ಲ, ನನಗೇನಾದರೂ ಸಿಗಬಹುದೇ ಎಂದು ದೋನ್ ನೆಲ್ಸನ್‌ರನ್ನು ಕೇಳಿದಾಗ ಅವರು ಬಹಳ ಸಂತೋಷಪಟ್ಟು ಅವಳ ಬೆನ್ನು ತಟ್ಟಿದರು. ಆ ರಾತ್ರಿ ಬ್ರೂನಾ ದಿಂಬಿಗೆ ಮುಖ ಒತ್ತಿ ಅತ್ತಳು. ಬರೆದದ್ದು ತಪ್ಪು ಅನ್ನಿಸಿ ಅಲ್ಲ. ತಪ್ಪಲ್ಲವಲ್ಲ, ಆದರೂ ಹೀಗಾಯಿತಲ್ಲ ಅಂತ.

ಇಪ್ಪತ್ತೆಂಟರ ಸಂಜೆ ಮನೆಗೆ ಒಬ್ಬ ಅತಿಥಿ ಬಂದರು. ಇಸ್ತ್ರಿ ಮುರಿಯದ ಅಂಗಿ, ಸುಗಂಧ, ಕೈಯಲ್ಲೊಂದು ಲಕೋಟೆ. ರೆಮೇರೋಸ್ ಕ್ಲಬ್ಬಿನ ಕಾರ್ಯದರ್ಶಿ ಓಸ್ವಾಲ್ದೋ ಪಿಂತೋಸ್. ಬ್ರೂನಾಳ ಪುಟ ತಮ್ಮ ಕ್ಲಬ್ಬಿನವರಿಗೆಲ್ಲ ಬಹಳ ಮೆಚ್ಚಿಗೆಯಾಗಿದೆ ಎಂದರು. ಗೋಡೆಗೆ ಅಂಟಿಸಿದ್ದಾರಂತೆ. ಇಡೀ ವರ್ಷಕ್ಕೆ ಜಾಹೀರಾತು ಕೊಡುವುದೆಂದು ತೀರ್ಮಾನವಾಗಿದೆ, ನಗದು ನಾಲ್ಕು ಸಾವಿರ, ಈಗಲೇ. ಎಸ್ತಿಬಾದೋರೆಸ್ ಹುಡುಗರಿಗೆ ಇದೇ ನಿಷ್ಠುರತೆಯಿಂದ ಅಂಕ ಹಾಕುತ್ತಿದ್ದರೆ ಮುಂದಿನ ವರ್ಷವೂ ನೋಡೋಣ ಎಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು.

ಅಮ್ಮನ ಮೆಷಿನ್ನು ನಿಂತಿತು. ಅಜ್ಜಿ ಸುರುಳಿಗೂದಲು ಸರಿಮಾಡಿಕೊಂಡಳು. ಬ್ರೂನಾ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ನಿಂತಿದ್ದ. ಲಕೋಟೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದು ಪಿಂತೋಸ್ ಅವರ ಜೇಬಿಗೆ ತುರುಕಿದ.

"ಸ್ವಾಮೀ, ನಮ್ಮಪ್ಪ ಬಂದರಲ್ಲಿ ಮೂಟೆ ಹೊತ್ತೋನು. ಈ ಮನೇಲಿ ತಟ್ಟೆ ಅಡೀಲಿ ರೆಮೇರೋಸ್ ದುಡ್ಡು ಇಟ್ರೆ ಅವನು ಗೋರಿಯಿಂದ ಎದ್ದು ಬರ್ತಾನೆ. ತಗೊಂಡು ಹೋಗಿ."

ಪಿಂತೋಸ್ ಹೋದರು. ಸುಗಂಧ ಮಾತ್ರ ಸ್ವಲ್ಪ ಹೊತ್ತು ಉಳಿಯಿತು.

"ನಾನೂ ಬೇಡ ಅಂತಲೇ ಹೇಳೋಳಿದ್ದೆ," ಎಂದಳು ಬ್ರೂನಾ. "ಕಾರಣ ಮಾತ್ರ ಬೇರೆ."

"ನೋಟು ನೋಟು ಅಂತ ತಿಂಗಳಿಡೀ ಮಗು ಪ್ರಾಣ ತಿಂದ್ರಿ," ಎಂದಳು ಅಮ್ಮ ಗಂಡನಿಗೆ. "ಬಂದ ನೋಟನ್ನ ಬಾಗಿಲಿಂದಾಚೆ ಕಳಿಸಿದ್ರಿ. ಈಗ ಆ ಟೋಪೀನ ನೀವೇ ಹಾಕ್ಕೊಳ್ಳಿ."

ಅಪ್ಪ ಸೋರುವ ನಲ್ಲಿಯ ಕೆಳಗೆ ಕೈ ತೊಳೆದುಕೊಂಡ.

ಇಪ್ಪತ್ತೊಂಬತ್ತರ ಮಧ್ಯಾಹ್ನ ಬಂತು. ಬೆರ್ತೊಲೀನಿಯ ಪಾಸ್ತಾ ಇಲ್ಲವಾದ್ದರಿಂದ ಅಜ್ಜಿ ಬೆಳಗ್ಗೆ ಆರಕ್ಕೇ ಎದ್ದು ಆಲೂಗಡ್ಡೆ ಬೇಯಿಸಿದ್ದಳು. ಯಾರಿಗೂ ಹಿಟ್ಟು ಮುಟ್ಟಲು ಬಿಡಲಿಲ್ಲ. ತನ್ನ ತಾಯಿ ಇಟಲಿಯಿಂದ ಹಡಗಿನಲ್ಲಿ ತಂದ ಕೈಗುಣ ಎಂದು ಹೇಳುತ್ತ ಒಂದೊಂದೇ ಉಂಡೆಯನ್ನು ಮುಳ್ಳುಚಮಚದ ಬೆನ್ನ ಮೇಲೆ ಉರುಳಿಸಿದಳು. ತಟ್ಟೆಗಳನ್ನು ಹಾಕಿದ್ದು ಅಪ್ಪ. ಅದೊಂದು ಅಪರೂಪ, ಯಾರೂ ಗಮನಿಸಲಿಲ್ಲ. ಬ್ರೂನಾ ತಟ್ಟೆ ಎತ್ತಿ ನೋಡಲಿಲ್ಲ. ಇಡಲು ಏನೂ ಇರದವಳು ಏನು ನೋಡುವುದು.

ಎಲ್ಲರೂ ಒಂದೊಂದು ಉಂಡೆ ಬಾಯಿಗಿಟ್ಟರು. ಅಗಿಯುವ ಕೆಲಸ ಸ್ವಲ್ಪ ಹೊತ್ತು ನಡೆಯಿತು. ಅಮ್ಮ ನೀರು ಕುಡಿದಳು. ಅಪ್ಪ ಇನ್ನಷ್ಟು ಟೊಮೆಟೊ ಗೊಜ್ಜು ಹಾಕಿಕೊಂಡ.

ಅಜ್ಜಿ ಮುಳ್ಳುಚಮಚ ಕೆಳಗಿಟ್ಟು ಮೊಮ್ಮಗಳ ಕಡೆ ತಿರುಗಿದಳು. "ಎಷ್ಟು?"

"ಏನು ಎಷ್ಟು ಅಜ್ಜಿ?"

"ಊರಿಗೆಲ್ಲ ಹಾಕ್ತೀಯಲ್ಲ. ನನ್ನ ನ್ಯೋಕಿಗೆ ಹಾಕು. ಹತ್ತಕ್ಕೆ ಎಷ್ಟು?"

ಅಮ್ಮ ಮೇಜಿನಡಿ ಬ್ರೂನಾಳ ಕಾಲನ್ನು ತುಳಿದಳು. ಅಪ್ಪ ಕಣ್ಣಲ್ಲೇ ಎಂಟು, ಒಂಬತ್ತು ಎಂದು ಬೇಡಿಕೊಂಡ. ಬ್ರೂನಾ ಅಜ್ಜಿಯ ಮುಖ ನೋಡಿದಳು. ಬೆಳಗ್ಗೆ ಆರಕ್ಕೆ ಎದ್ದ ಮುಖ. ಅವಳಿಗೆ ಆ ಮುದುಕಿಯ ಮೇಲೆ ಜೀವವಿತ್ತು. ಬಾಯಿಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದಳು.

"ನಾಲ್ಕು."

ನಲ್ಲಿ ತೊಟ್ಟಿಕ್ಕಿತು. ಅಜ್ಜಿ ಇನ್ನೊಂದು ಉಂಡೆ ಬಾಯಿಗಿಟ್ಟು ಇದ್ದ ಹಲ್ಲುಗಳಿಂದ ನಿಧಾನವಾಗಿ ಅಗಿದಳು.

"ನಾಲ್ಕು ಜಾಸ್ತಿಯಾಯ್ತು," ಎಂದಳು. "ಮೂರು ಅನ್ನು. ಮೈದಾ ಹೆಚ್ಚಾಗಿದೆ." ಮತ್ತೆ ಸ್ವಲ್ಪ ಅಗಿದು ಹೇಳಿದಳು, "ಹಾಗಾದ್ರೆ ಆ ಚೀರೋ ನಿಜವಾಗ್ಲೂ ಎರಡರ ಹುಡುಗನೇ. ನೀನು ಹಟಕ್ಕೆ ಹಾಕಿದ್ದೀಯ ಅಂದ್ಕೊಂಡಿದ್ದೆ ನಾನು."

ಅಪ್ಪ ಗಂಟಲು ಸರಿಮಾಡಿಕೊಂಡ. ತಟ್ಟೆ ಎತ್ತು ಎಂದ ಮಗಳಿಗೆ. ಅವಳು ಎತ್ತಿದಳು. ಕೆಳಗೆ ಐನೂರರ ನೋಟಿತ್ತು. ಮೂಲೆಯಲ್ಲಿ ಫೋನ್ ನಂಬರು ಇರಲಿಲ್ಲ. ಅದರ ಜೊತೆ ಮಡಚಿದ ಚೀಟಿಯೊಂದಿತ್ತು, ಅಪ್ಪನ ದಪ್ಪ ಅಕ್ಷರದಲ್ಲಿ: ಮಿಲ್ಟನ್ ಸೋಸಾ, ಕೊಳಾಯಿ ರಿಪೇರಿ, ಸಂಜೆ ಐದರ ಮೇಲೆ. ಹನಿ ಸೋರದಂತೆ ಖಾತರಿ ಕೆಲಸ.

"ಜಾಹೀರಾತು," ಎಂದ ಅಪ್ಪ, ಗೊಜ್ಜಿನ ಪಾತ್ರೆಯನ್ನು ನೋಡುತ್ತ. "ನಗದು. ಕಾಂಹೆ ಗೀಂಹೆ ಏನಿಲ್ಲ. ಅರ್ಧ ಆ ಜಿಪುಣನಿಗೆ ಕೊಡು, ಅರ್ಧ ನಿಂದು. ಬರೆದು ದುಡಿದಿದ್ದೇ ಆಯ್ತು. ನೀನು ಹಾಕಿದ್ದನ್ನ ಈ ಊರಲ್ಲಿ ಜನ ನಂಬ್ತಾರೆ. ಬೈತಾರೆ, ಆದ್ರೆ ನಂಬ್ತಾರೆ."

ಬ್ರೂನಾಳ ಕಣ್ಣು ತುಂಬಿತು. ಅವಳು ನೋಟನ್ನು ತಟ್ಟೆಯಡಿ ಮತ್ತೆ ಇಟ್ಟಳು, ಸರಿಯಾಗಿ ನಡುವಿಗೆ. ಚೀಟಿಯನ್ನು ಇನ್ನೊಂದು ಸಲ ಓದಿದಳು. ಓದಿ ಅಪ್ಪನ ಕಡೆಗೆ ಸರಿಸಿದಳು.

"ಇದನ್ನ ಹಾಕೋಕಾಗಲ್ಲ ಅಪ್ಪಾ."

"ಯಾಕೆ?"

ಬ್ರೂನಾ ನಲ್ಲಿಯ ಕಡೆ ಕೈ ತೋರಿಸಿದಳು. ಪಾತ್ರೆಗೆ ಒಂದು ಹನಿ ಬಿತ್ತು. ಮತ್ತೊಂದು ಬಿತ್ತು. ಅಮ್ಮ ಮೊದಲು ನಕ್ಕಳು, ಆಮೇಲೆ ಅಜ್ಜಿ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗುಳಿ ನಕ್ಕಳು.

ಅಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಸ್ಪ್ಯಾನರ್ ತಂದ. ನೀರು ತಲೆಗೆ ಬೀಳದಿರಲೆಂದು ಗೂಟದ ನೀಲಿ ಟೋಪಿಯನ್ನು ಬೋಳುತಲೆಗೆ ಹಾಕಿಕೊಂಡು ತೊಟ್ಟಿಯ ಕೆಳಗೆ ನುಸುಳಿದ. ನ್ಯೋಕಿ ತಣ್ಣಗಾಗುತ್ತೆ ಎಂದು ಅಮ್ಮ ಎಚ್ಚರಿಸಿದಳು. ಆಗಲಿ, ನಷ್ಟವೇನಿಲ್ಲ ಎಂದು ಒಳಗಿನಿಂದ ದನಿ ಬಂತು. ಹದಿನಾಲ್ಕು ತಿಂಗಳು ಸೋರಿದ ನಲ್ಲಿ ಹತ್ತು ನಿಮಿಷದಲ್ಲಿ ಸುಮ್ಮನಾಯಿತು. ನಾಲ್ವರೂ ಕಿವಿಗೊಟ್ಟು ಕೂತರು.

"ಈಗ ಹೇಳು," ಎಂದ ಅಪ್ಪ ಟೋಪಿ ತೆಗೆಯದೆ. "ಎಷ್ಟು?"

"ಎಂಟು," ಎಂದಳು ಬ್ರೂನಾ. ಅಷ್ಟರಲ್ಲಿ ಪಾತ್ರೆಗೆ ಕೊನೆಯದೊಂದು ಹನಿ ಬಿತ್ತು.

"ಏಳು," ಎಂದಳು, ಮತ್ತು ಜಾಹೀರಾತಿನ ಚೀಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಪೆನ್ನು ತರಲು ಎದ್ದಳು.